ಮುಟ್ಟು ನಿಂತ ವರ್ಷ ಹೃದಯಕ್ಕೂ ಗೊತ್ತು

ಮಹಡಿ ಮೆಟ್ಟಿಲು ಹತ್ತುವಾಗ ಐವತ್ತೈದರ ಹೆಣ್ಣುಮಗಳೊಬ್ಬರಿಗೆ ಏದುಸಿರು ಬರುತ್ತದೆ. 'ತೂಕ ಜಾಸ್ತಿಯಾಗಿದೆ' ಎಂದು ಮನೆಯವರು ಹೇಳುತ್ತಾರೆ. 'ಗ್ಯಾಸ್ಟ್ರಿಕ್ ಇರಬೇಕು' ಎಂದು ಮೆಡಿಕಲ್ ಶಾಪಿನವರು ಮಾತ್ರೆ ಕೊಡುತ್ತಾರೆ. ತಿಂಗಳುಗಳು ಕಳೆದ ಮೇಲೆ ಯಾರೋ ಒಬ್ಬರು ಎಕೋ ಮಾಡಿಸಿ ಎನ್ನುತ್ತಾರೆ. ವರದಿಯ ಮೇಲಿನ ಸಾಲಿನಲ್ಲಿ ಇ.ಎಫ್. ಶೇ 60 ಎಂದಿರುತ್ತದೆ. ಹೃದಯ ಚೆನ್ನಾಗಿ ಹಿಂಡುತ್ತಿದೆ ಎಂದು ಅದರರ್ಥ, ಎಲ್ಲರಿಗೂ ಸಮಾಧಾನ. ಕೆಳಗೆ ಇನ್ನೊಂದು ಸಾಲು ಇರುತ್ತದೆ: 'ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್'. 'ಈ ವಯಸ್ಸಿಗೆ ಇದು ಕಾಮನ್, ಹೆದರಬೇಡಿ' ಎಂಬ ಮಾತಿನೊಂದಿಗೆ ಫೈಲು ಬೀರು ಸೇರುತ್ತದೆ.

ಹೆದರಬೇಕಿಲ್ಲ ಎನ್ನುವುದು ನಿಜವೇ. ಆದರೆ ಆ ಎರಡನೇ ಸಾಲನ್ನು ಓದದೆ ಬಿಡಬಾರದು. ಹೃದಯ ರಕ್ತವನ್ನು ಹಿಂಡಿ ಹೊರದಬ್ಬಿದರೆ ಸಾಲದು, ಎರಡು ಬಡಿತಗಳ ನಡುವೆ ಸಡಿಲಾಗಿ ಹೊಸ ರಕ್ತವನ್ನು ತುಂಬಿಕೊಳ್ಳಲೂ ಬೇಕು. ಈ ಸಡಿಲಿಕೆ ನಿಧಾನವಾಗಿದೆ ಎಂದು ಆ ಸಾಲು ಹೇಳುತ್ತಿದೆ. ವಯಸ್ಸಾದಂತೆ ಗಂಡಸರಲ್ಲೂ ಹೆಂಗಸರಲ್ಲೂ ಇದು ಒಂದಿಷ್ಟು ಆಗುತ್ತದೆ. ಹೆಂಗಸರಲ್ಲಿ ಮಾತ್ರ ಮುಟ್ಟು ನಿಂತ ನಂತರ ಇದರ ವೇಗ ಹೆಚ್ಚುತ್ತದೆ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜೆನ್ ಹಾರ್ಮೋನಿಗೂ ರಕ್ತನಾಳಗಳ ಒಳಪೊರೆಯಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲಕ್ಕೂ ಇರುವ ನಂಟು ಇದಕ್ಕೆ ದೊಡ್ಡ ಕಾರಣ.

ಮುಟ್ಟು ನಿಲ್ಲುವುದನ್ನು ನಾವು ಗರ್ಭಕೋಶದ ವಿಷಯವೆಂದೇ ತಿಳಿದು ಬಂದಿದ್ದೇವೆ. ಹೃದಯಕ್ಕೂ ಅದು ಅಷ್ಟೇ ಸಂಬಂಧಿಸಿದ ವಿಷಯ. ಬಿಪಿ, ಶುಗರ್ ಎಷ್ಟಿದೆ ಎಂದು ಕೇಳುವಂತೆಯೇ 'ಮುಟ್ಟು ನಿಂತದ್ದು ಯಾವ ವಯಸ್ಸಿಗೆ? ತಾನಾಗಿ ನಿಂತಿತೋ, ಆಪರೇಷನ್‌ನಿಂದಲೋ?' ಎಂದು ಹೃದಯದ ವೈದ್ಯರು ಕೇಳಬೇಕು. ಕೇಳದಿದ್ದರೆ ನಾವೇ ಹೇಳಬೇಕು. ಏಕೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಿನಿಂದ ಬರೋಣ.

ಒಳಪೊರೆಯ ಅನಿಲ

ಎದೆನೋವಿಗೆ ನೈಟ್ರೋಗ್ಲಿಸರಿನ್ ಕೆಲಸ ಮಾಡುತ್ತದೆಂದು ಲಂಡನ್ನಿನ ವೈದ್ಯ ವಿಲಿಯಂ ಮರೆಲ್ 1879ರಲ್ಲೇ ಬರೆದಿದ್ದರು. ಅದೇ ವಸ್ತುವಿನಿಂದ ಡೈನಮೈಟ್ ತಯಾರಿಸಿದ ಆಲ್‌ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ಹೃದಯದ ಕಾಯಿಲೆಗೆ ವೈದ್ಯರು ಬರೆದುಕೊಟ್ಟದ್ದು ನೈಟ್ರೋಗ್ಲಿಸರಿನ್ನನ್ನೇ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಮಾತ್ರ ನೂರು ವರ್ಷ ಯಾರಿಗೂ ತಿಳಿಯಲಿಲ್ಲ. 1977ರಲ್ಲಿ ಅಮೆರಿಕದ ಫೆರಿಡ್ ಮುರಾದ್, ಈ ಔಷಧಿ ದೇಹದಲ್ಲಿ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ಸ್ನಾಯುವನ್ನು ಸಡಿಲಿಸುತ್ತದೆ ಎಂದು ತೋರಿಸಿದರು. ಆಗ ಅದು ವಿಚಿತ್ರವೆನಿಸಿತ್ತು. ಏಕೆಂದರೆ ನೈಟ್ರಿಕ್ ಆಕ್ಸೈಡ್ ಎಂದರೆ ವಾಹನಗಳ ಹೊಗೆಯಲ್ಲಿರುವ ಮಾಲಿನ್ಯ ಎಂದಷ್ಟೇ ಜನರಿಗೆ ಗೊತ್ತಿತ್ತು.

ಇನ್ನೊಂದು ಕಡೆ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿ ನೋಡುತ್ತಿದ್ದರು. ಕೆಲವು ತುಂಡುಗಳು ಸಡಿಲಾಗುತ್ತಿದ್ದವು, ಕೆಲವು ಆಗುತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ಕೈಯಾಡಿಸಿದ ರೀತಿಯಲ್ಲಿ. ತುಂಡು ಸಿದ್ಧಮಾಡುವಾಗ ಒಳಮೈ ಉಜ್ಜಿಹೋಗಿದ್ದರೆ ಸಡಿಲಿಕೆ ಇಲ್ಲ. ಒಳಮೈ ಹಾಗೇ ಉಳಿದಿದ್ದರೆ ಸಡಿಲಿಕೆ ಇದೆ. ಒಂದೇ ಒಂದು ಕೋಶದಷ್ಟು ದಪ್ಪದ ಆ ಒಳಪೊರೆಯೇ, ಅಂದರೆ ಎಂಡೋಥೀಲಿಯಮ್ಮೇ, ಪಕ್ಕದ ಸ್ನಾಯುವಿಗೆ 'ಸಡಿಲಾಗು' ಎಂಬ ಸಂದೇಶ ಕಳುಹಿಸುತ್ತಿದೆ ಎಂದು ಅವರು 1980ರಲ್ಲಿ ಪ್ರಕಟಿಸಿದರು. ಆ ಸಂದೇಶ ಒಯ್ಯುವ ವಸ್ತು ನೈಟ್ರಿಕ್ ಆಕ್ಸೈಡೇ ಎಂಬುದು 1987ರ ಹೊತ್ತಿಗೆ ಲೂಯಿ ಇಗ್ನಾರೊ ಮತ್ತು ಸಾಲ್ವಡೋರ್ ಮೊಂಕಾಡ ಅವರ ಪ್ರಯೋಗಾಲಯಗಳಿಂದ ಖಚಿತವಾಯಿತು. ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನಾವು ತಿನ್ನುವ ಬೇಳೆ, ಕಡಲೆಕಾಯಿಗಳಲ್ಲಿರುವ ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ಒಂದು ಕಿಣ್ವ ಈ ಅನಿಲವನ್ನು ತಯಾರಿಸುತ್ತದೆ. ಹುಟ್ಟಿದ ಕೆಲವೇ ಸೆಕೆಂಡುಗಳಲ್ಲಿ ಅದು ಇಲ್ಲವಾಗುತ್ತದೆ. ಅಷ್ಟರೊಳಗೆ ಪಕ್ಕದ ಸ್ನಾಯುಕೋಶಕ್ಕೆ ನುಗ್ಗಿ, ಅಲ್ಲಿನ ಕ್ಯಾಲ್ಸಿಯಂ ಮಟ್ಟ ಇಳಿಸಿ, ನಾಳವನ್ನು ಹಿಗ್ಗಿಸುತ್ತದೆ. ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟದಂತೆ, ಬಿಳಿ ರಕ್ತಕಣಗಳು ನಾಳದ ಗೋಡೆಗೆ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವುದೂ ಅದೇ. ಇಷ್ಟು ಅಲ್ಪಾಯುಷಿ ವಸ್ತುವನ್ನು ಕೂಡಿಡಲು ಆಗುವುದಿಲ್ಲ. ಬೇಕಾದ ಜಾಗದಲ್ಲೇ, ಬೇಕಾದ ಕ್ಷಣದಲ್ಲೇ ಅದು ತಯಾರಾಗಬೇಕು. ಈ ಒಂದು ಮಾತು ನೆನಪಿರಲಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಈಸ್ಟ್ರೋಜೆನ್ ಮಾಡುವ ಕೆಲಸ

ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಜನರ ಹೃದಯದ ಆರೋಗ್ಯವನ್ನು ತಲೆಮಾರುಗಳ ಉದ್ದಕ್ಕೂ ಗಮನಿಸಲಾಗುತ್ತಿದೆ. ಮುಟ್ಟು ಬರುತ್ತಿರುವ ಹೆಂಗಸರಲ್ಲಿ ಹೃದಯಾಘಾತ ಬಹಳ ಅಪರೂಪ, ಮುಟ್ಟು ನಿಂತವರಲ್ಲಿ ಅದೇ ವಯಸ್ಸಿಗೂ ಹೃದಯದ ಕಾಯಿಲೆ ಹೆಚ್ಚು ಎಂದು ಅಲ್ಲಿನ ಸಂಶೋಧಕರು 1978ರಲ್ಲಿ ವರದಿ ಮಾಡಿದರು. ವಯಸ್ಸು ಒಂದೇ, ಮುಟ್ಟಿನ ಸ್ಥಿತಿ ಬೇರೆ, ಅಪಾಯವೂ ಬೇರೆ. ಏನೋ ಒಂದು ಕಾವಲು ಇದೆ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಆ ಕಾವಲಿನ ಒಂದು ಭಾಗ ರಕ್ತನಾಳದ ಒಳಪೊರೆಯಲ್ಲೇ ಇದೆ. ಅಲ್ಲಿನ ಕೋಶಗಳ ಮೇಲೆ ಈಸ್ಟ್ರೋಜೆನ್ ಬಂದು ಕೂರುವ ಗ್ರಾಹಕಗಳಿವೆ. ಹಾರ್ಮೋನು ಬಂದು ಕುಳಿತ ನಿಮಿಷಗಳಲ್ಲೇ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಚುರುಕಾಗುತ್ತದೆ. ನಿಧಾನವಾಗಿ, ಗಂಟೆ ದಿನಗಳ ಲೆಕ್ಕದಲ್ಲಿ, ಆ ಕಿಣ್ವವೇ ಹೆಚ್ಚು ಉತ್ಪತ್ತಿಯಾಗುವಂತೆ ಜೀನ್‌ಗಳಿಗೂ ಸೂಚನೆ ಹೋಗುತ್ತದೆ. ಮೂವತ್ತು ಮೂವತ್ತೈದು ವರ್ಷ, ತಿಂಗಳು ತಿಂಗಳೂ, ಹೆಣ್ಣಿನ ರಕ್ತನಾಳಗಳು ಈ ಆರೈಕೆಯಲ್ಲಿ ಇರುತ್ತವೆ.

ಇದನ್ನು ಜೀವಂತ ಮನುಷ್ಯರಲ್ಲಿ ಅಳೆಯುವ ಸರಳ ಪರೀಕ್ಷೆಯೊಂದಿದೆ. ಮಲಗಿಸಿ, ತೋಳಿಗೆ ಬಿಪಿ ಪಟ್ಟಿಯಂಥದೇ ಪಟ್ಟಿ ಸುತ್ತಿ, ಐದು ನಿಮಿಷ ರಕ್ತದ ಹರಿವು ನಿಲ್ಲುವಷ್ಟು ಬಿಗಿ ಮಾಡುತ್ತಾರೆ. ಬೆರಳು ಜೋಮು ಹಿಡಿಯುತ್ತವೆ, ಅಂಗೈ ಬಿಳಿಚುತ್ತದೆ. ಪಟ್ಟಿ ಬಿಟ್ಟೊಡನೆ ರಕ್ತ ರಭಸದಿಂದ ನುಗ್ಗುತ್ತದೆ. ಆ ರಭಸದ ಉಜ್ಜುವಿಕೆಗೆ ಒಳಪೊರೆ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ತೋಳಿನ ಧಮನಿ ಹಿಗ್ಗುತ್ತದೆ. ಹಿಗ್ಗಿದ್ದು ಎಷ್ಟು ಎಂದು ಅಲ್ಟ್ರಾಸೌಂಡ್ ತೋರಿಸುತ್ತದೆ. ಆರೋಗ್ಯವಂತ ಯುವಜನರಲ್ಲೂ ಈ ಹಿಗ್ಗು ಒಂದು ಮಿಲಿಮೀಟರಿಗೂ ಕಡಿಮೆ. ಆ ಕೂದಲೆಳೆಯ ಅಂತರದಲ್ಲಿ ಒಳಪೊರೆಯ ಆರೋಗ್ಯವೆಲ್ಲ ಅಡಗಿದೆ. ಡೇವಿಡ್ ಸೆಲರ್‌ಮೇಯರ್ ಮತ್ತು ಸಂಗಡಿಗರು ಇದೇ ವಿಧಾನದಿಂದ 1994ರಲ್ಲಿ ತೋರಿಸಿದ ಸಂಗತಿ ಹೀಗಿದೆ: ಗಂಡಸರಲ್ಲಿ ನಾಳ ಹಿಗ್ಗುವ ಶಕ್ತಿ ನಲವತ್ತರ ನಂತರ ಇಳಿಯಲು ಶುರುವಾಗುತ್ತದೆ, ಹೆಂಗಸರಲ್ಲಿ ಐವತ್ತರ ಆಚೀಚಿನವರೆಗೂ ಹಾಗೇ ಉಳಿದು ಆಮೇಲೆ ಕಡಿದಾಗಿ ಇಳಿಯುತ್ತದೆ. ಇಟಲಿಯ ಪೀಸಾದಲ್ಲಿ ಸ್ಟೆಫಾನೊ ತಾದೇಯಿ ಮತ್ತು ಸಂಗಡಿಗರು ಎರಡು ವರ್ಷದ ನಂತರ ಬೇರೆ ವಿಧಾನದಲ್ಲಿ ಅಳೆದಾಗಲೂ ಋತುಬಂಧದ ಹೊತ್ತಿಗೇ ಇಳಿತ ತೀವ್ರವಾಗುವುದು ಕಂಡುಬಂತು.

ಈಸ್ಟ್ರೋಜೆನ್ ಇಳಿದಾಗ ಅನಿಲದ ತಯಾರಿ ಕಡಿಮೆಯಾಗುತ್ತದೆ ಎಂಬಷ್ಟಕ್ಕೇ ಇದು ಮುಗಿಯುವುದಿಲ್ಲ. ಆ ಕಿಣ್ವಕ್ಕೆ ಸರಿಯಾಗಿ ಕೆಲಸ ಮಾಡಲು ಟೆಟ್ರಾಹೈಡ್ರೋಬಯಾಪ್ಟೆರಿನ್ ಎಂಬ ಸಹಾಯಕ ಅಣು ಬೇಕು. ಉರಿಯೂತ, ಸಕ್ಕರೆ, ಹೊಗೆ, ಹಾರ್ಮೋನಿನ ಕೊರತೆ ಇವೆಲ್ಲ ಸೇರಿ ಆ ಅಣುವನ್ನು ಹಾಳುಮಾಡಿದರೆ ಕಿಣ್ವ ದಾರಿ ತಪ್ಪುತ್ತದೆ. ನೈಟ್ರಿಕ್ ಆಕ್ಸೈಡ್ ತಯಾರಿಸಬೇಕಾದದ್ದು ಸೂಪರಾಕ್ಸೈಡ್ ಎಂಬ ಹಾನಿಕರ ವಸ್ತುವನ್ನು ತಯಾರಿಸುತ್ತದೆ. ಆ ಸೂಪರಾಕ್ಸೈಡ್ ಅಳಿದುಳಿದ ನೈಟ್ರಿಕ್ ಆಕ್ಸೈಡನ್ನೂ ನುಂಗಿಹಾಕುತ್ತದೆ. ಇದೇ ಹೊತ್ತಿಗೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಬೊಜ್ಜು ಸೊಂಟದಿಂದ ಹೊಟ್ಟೆಗೆ ಬರುತ್ತದೆ, ಬಿಪಿ ಮೇಲೇರುತ್ತದೆ. ರಾತ್ರಿ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರಿ ಬೆವರುವ ತೊಂದರೆ ಪದೇ ಪದೇ, ಬಹಳ ಕಾಲ ಕಾಡಿದವರಲ್ಲಿ ಮುಂದೆ ಹೃದಯದ ಕಾಯಿಲೆ ಹೆಚ್ಚು ಕಂಡುಬರುತ್ತದೆ ಎಂದು ಅಮೆರಿಕದಲ್ಲಿ 1996ರಿಂದ ನಡೆದಿರುವ 'ಸ್ವಾನ್' ಎಂಬ ದೀರ್ಘ ಅಧ್ಯಯನ ಹೇಳುತ್ತದೆ. 'ಅದೆಲ್ಲ ಎಲ್ಲರಿಗೂ ಇದ್ದದ್ದೇ, ಸಹಿಸಿಕೋ' ಎಂದು ಹಿರಿಯರು ಹೇಳುವ ಈ ಲಕ್ಷಣವನ್ನು ಇನ್ನು ಮೇಲೆ ಬಿಪಿ ಪರೀಕ್ಷಿಸಲು ಒಂದು ಕಾರಣವೆಂದು ನೋಡಬೇಕು.

ಹಿಂಡಲು ಬಲವಿದೆ, ತುಂಬಲು ಎಡೆಯಿಲ್ಲ

ಈಗ ಆ ಎಕೋ ವರದಿಯ ಎರಡನೇ ಸಾಲಿಗೆ ಬರೋಣ. ಹೃದಯದ ಸ್ನಾಯುವಿನ ನಡುನಡುವೆ ಹೊಕ್ಕಿರುವ ಕೂದಲಿಗಿಂತ ಸೂಕ್ಷ್ಮವಾದ ನಾಳಗಳ ಒಳಪೊರೆಯೂ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಅದು ಪಕ್ಕದ ಹೃದಯಸ್ನಾಯುವಿನ ಕೋಶಕ್ಕೆ ಹೋಗಿ, ಟೈಟಿನ್ ಎಂಬ ಉದ್ದನೆಯ ಪ್ರೋಟೀನನ್ನು ಮೆದುವಾಗಿಸುತ್ತದೆ. ಈ ಟೈಟಿನ್ ಮೆದುವಾಗಿದ್ದಷ್ಟೂ ಸ್ನಾಯು ಸುಲಭವಾಗಿ ಹಿಗ್ಗುತ್ತದೆ. ಅನಿಲದ ಪೂರೈಕೆ ಕುಗ್ಗಿದರೆ ಟೈಟಿನ್ ಬಿಗಿಯಾಗುತ್ತದೆ, ಎಡ ಹೃತ್ಕುಕ್ಷಿ ಸೆಟೆದುಕೊಳ್ಳುತ್ತದೆ. ಹೊಸ ಬಲೂನನ್ನು ಮೊದಲ ಸಲ ಊದುವಾಗ ಕೆನ್ನೆ ನೋಯುವಷ್ಟು ಒತ್ತಡ ಹಾಕಬೇಕಾಗುತ್ತದಲ್ಲ, ಆ ಹೃದಯವನ್ನು ತುಂಬಲೂ ಅಷ್ಟೇ ಒತ್ತಡ ಬೇಕಾಗುತ್ತದೆ. ಆ ಒತ್ತಡ ಹಿಂದಕ್ಕೆ ಶ್ವಾಸಕೋಶದ ಮೇಲೆ ಬಿದ್ದಾಗ ಏದುಸಿರು ಬರುತ್ತದೆ. ಕುಳಿತಾಗ ಏನೂ ಇಲ್ಲ. ಮೆಟ್ಟಿಲು ಹತ್ತುವಾಗ, ತುಂಬಿದ ಕೊಡ ಎತ್ತುವಾಗ ಬಡಿತ ಹೆಚ್ಚುತ್ತದೆ, ತುಂಬಿಕೊಳ್ಳಲು ಸಿಗುವ ಸಮಯ ಕಡಿಮೆಯಾಗುತ್ತದೆ, ಉಸಿರು ಕಟ್ಟುತ್ತದೆ.

ಎಕೋ ಪರದೆಯಲ್ಲಿ ಇದು ಎರಡು ಶಿಖರಗಳಾಗಿ ಕಾಣುತ್ತದೆ. ಹೃತ್ಕುಕ್ಷಿ ತಾನಾಗಿ ಸಡಿಲಾಗಿ ರಕ್ತವನ್ನು ಎಳೆದುಕೊಳ್ಳುವಾಗಿನದು 'ಇ' ಶಿಖರ. ಕೊನೆಯಲ್ಲಿ ಮೇಲಿನ ಕೋಣೆ ಒತ್ತಿ ತಳ್ಳುವಾಗಿನದು 'ಎ' ಶಿಖರ. ಆರೋಗ್ಯವಂತ ಯುವ ಹೃದಯದಲ್ಲಿ 'ಇ' ಎತ್ತರ, 'ಎ' ಗಿಡ್ಡ. ಸಡಿಲಿಕೆ ನಿಧಾನವಾದಾಗ ಇದು ತಲೆಕೆಳಗಾಗುತ್ತದೆ. ಗ್ರೇಡ್ 1 ಎಂದರೆ ಬಹುತೇಕ ಇಷ್ಟೇ. ಅದೊಂದೇ ಇದ್ದರೆ ಕಾಯಿಲೆಯಲ್ಲ, ಅನೇಕರಲ್ಲಿ ಮುಂದಕ್ಕೆ ಹೋಗುವುದೂ ಇಲ್ಲ. ಅದರ ಜೊತೆಗೆ ಬಿಪಿ, ಶುಗರ್, ಬೊಜ್ಜು ಸೇರಿ ವರ್ಷಗಳು ಕಳೆದರೆ ಮಾತ್ರ ಅದು ಹೃದಯ ವೈಫಲ್ಯದ ಒಂದು ಬಗೆಯಾಗಿ ಬೆಳೆಯಬಹುದು. ಪಂಪು ಸರಿಯಿದ್ದೂ ಹೃದಯ ಸೋಲುವ ಈ ಬಗೆ ಗಂಡಸರಿಗಿಂತ ವಯಸ್ಸಾದ ಹೆಂಗಸರಲ್ಲೇ ಹೆಚ್ಚು.

ಪ್ರಾಣಿಗಳ ಮೇಲಿನ ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ನಾರ್ತ್ ಕೆರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಲಿಯಾನ್ ಗ್ರೋಬನ್ ಮತ್ತು ಸಂಗಡಿಗರು, ಬಿಪಿ ಇರುವ ತಳಿಯ ಹೆಣ್ಣಿಲಿಗಳ ಅಂಡಾಶಯ ತೆಗೆದು ನೋಡಿದರು. ಅವುಗಳ ಹೃದಯ ಹಿಂಡುವುದರಲ್ಲಿ ಸೋಲಲಿಲ್ಲ, ಸಡಿಲಾಗುವುದರಲ್ಲಿ ಸೋತಿತು. ದಾರಿ ತಪ್ಪಿದ ಆ ಕಿಣ್ವಕ್ಕೆ ಬೇಕಾದ ಸಹಾಯಕ ಅಣುವನ್ನು ಕೊಟ್ಟಾಗ ಸಡಿಲಿಕೆ ಸುಧಾರಿಸಿತು. ಇಲಿಯ ಹೃದಯದಿಂದ ಹೆಣ್ಣಿನ ಹೃದಯಕ್ಕೆ ನೇರ ಜಿಗಿಯಲಾಗದು, ಆದರೆ ಕೊಂಡಿ ಎಲ್ಲಿದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಇದೇ ಕಾರಣಕ್ಕೆ, ಎದೆನೋವೆಂದು ಬಂದ ಎಷ್ಟೋ ಹೆಂಗಸರ ಆಂಜಿಯೋಗ್ರಾಂ 'ಕ್ಲೀನ್' ಬರುತ್ತದೆ. ದೊಡ್ಡ ನಾಳಗಳಲ್ಲಿ ಅಡ್ಡಿಯಿಲ್ಲ, ಸ್ಟೆಂಟ್ ಹಾಕುವ ಜಾಗವೇ ಇಲ್ಲ. ತೊಂದರೆ ಇರುವುದು ಆಂಜಿಯೋಗ್ರಾಂನಲ್ಲಿ ಕಾಣದ ಸೂಕ್ಷ್ಮ ನಾಳಗಳ ಒಳಪೊರೆಯಲ್ಲಿ. 'ನಿಮಗೇನೂ ಆಗಿಲ್ಲ, ಟೆನ್ಶನ್ ಮಾಡ್ಕೋಬೇಡಿ' ಎಂದು ಅಂಥವರನ್ನು ಮನೆಗೆ ಕಳಿಸುವುದು ಅನ್ಯಾಯ. ಅವರ ನೋವು ಮನಸ್ಸಿನದಲ್ಲ.

ಹೊರಗಿನಿಂದ ಸುರಿದರೆ ಸಾಕೇ?

ಕೊರತೆಯಾದದ್ದನ್ನು ಹೊರಗಿನಿಂದ ತುಂಬಿದರೆ ಆಯಿತಲ್ಲ ಎಂದು ಯಾರಿಗೂ ಅನ್ನಿಸುತ್ತದೆ. ವೈದ್ಯರಿಗೂ ಹಾಗೇ ಅನ್ನಿಸಿತ್ತು. 1976ರಲ್ಲಿ ಶುರುವಾದ ಅಮೆರಿಕದ ದಾದಿಯರ ಅಧ್ಯಯನದಲ್ಲಿ, ಋತುಬಂಧದ ನಂತರ ಈಸ್ಟ್ರೋಜೆನ್ ತೆಗೆದುಕೊಂಡವರಲ್ಲಿ ಹೃದಯದ ಕಾಯಿಲೆ ಸುಮಾರು ಅರ್ಧದಷ್ಟೇ ಕಂಡಿತ್ತು. ಲಕ್ಷಾಂತರ ಹೆಂಗಸರಿಗೆ ಮಾತ್ರೆ ಬರೆದುಕೊಡಲಾಯಿತು. ಹಾಗೆ ಮಾತ್ರೆ ತೆಗೆದುಕೊಂಡವರು ಮೊದಲೇ ಹೆಚ್ಚು ಆರೋಗ್ಯವಂತರೂ ಅನುಕೂಲಸ್ಥರೂ ಆಗಿದ್ದಿರಬಹುದು ಎಂಬ ಅನುಮಾನವನ್ನು ಬಗೆಹರಿಸಲು ಚೀಟಿ ಎತ್ತಿದಂತೆ ಗುಂಪು ಮಾಡುವ ಪ್ರಯೋಗ ಬೇಕಿತ್ತು.

'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ಆ ದೊಡ್ಡ ಪ್ರಯೋಗದ ಒಂದು ಭಾಗದಲ್ಲಿ 50ರಿಂದ 79 ವಯಸ್ಸಿನ 16,608 ಹೆಂಗಸರಿದ್ದರು. ಈಸ್ಟ್ರೋಜೆನ್ ಜೊತೆಗೆ ಪ್ರೊಜೆಸ್ಟಿನ್ ಎಂಬ ಕೃತಕ ಹಾರ್ಮೋನು ಕೊಟ್ಟಿದ್ದ ಈ ಭಾಗವನ್ನು 2002ರ ಜುಲೈನಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ವರ್ಷಕ್ಕೆ 10,000 ಹೆಂಗಸರ ಲೆಕ್ಕದಲ್ಲಿ ಹೃದಯದ ಕಾಯಿಲೆ 7, ಲಕ್ವ 8, ಸ್ತನ ಕ್ಯಾನ್ಸರ್ 8 ಹೆಚ್ಚು. ಆದರೆ ಸೊಂಟದ ಮೂಳೆ ಮುರಿತ 5 ಕಡಿಮೆ. ಜಗತ್ತಿನಾದ್ಯಂತ ಹೆಂಗಸರು ಭಯದಿಂದ ಮಾತ್ರೆ ಬಿಟ್ಟರು.

ಆದರೆ ಆ ಪ್ರಯೋಗದಲ್ಲಿ ಇದ್ದವರ ಸರಾಸರಿ ವಯಸ್ಸು 63. ಬಹುಪಾಲು ಜನರಿಗೆ ಮುಟ್ಟು ನಿಂತು ಹತ್ತು ವರ್ಷ ದಾಟಿತ್ತು. ಅಷ್ಟರಲ್ಲಿ ಒಳಪೊರೆ ಕೆಟ್ಟಿರುತ್ತದೆ, ನಾಳದ ಗೋಡೆಯಲ್ಲಿ ಕೊಬ್ಬು ಕೂತಿರುತ್ತದೆ. ಹಾರ್ಮೋನಿನ ಮಾತು ಕೇಳುವ ಕೋಶಗಳೇ ಸೊರಗಿದ ಮೇಲೆ ಹಾರ್ಮೋನು ಬಂದು ಮಾಡುವುದೇನು? ಬದಲಿಗೆ ಮಾತ್ರೆಯಲ್ಲಿ ನುಂಗಿದ ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಈ ತರ್ಕವನ್ನು ಪರೀಕ್ಷಿಸಿದ 'ಎಲೀಟ್' ಎಂಬ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಅದರಲ್ಲಿದ್ದ 643 ಹೆಂಗಸರ ಪೈಕಿ, ಮುಟ್ಟು ನಿಂತ ಆರು ವರ್ಷದೊಳಗೆ ಹಾರ್ಮೋನು ಶುರುಮಾಡಿದವರಲ್ಲಿ ಕುತ್ತಿಗೆಯ ಧಮನಿ ದಪ್ಪವಾಗುವುದು ನಿಧಾನವಾಯಿತು. ಹತ್ತು ವರ್ಷ ದಾಟಿದವರಲ್ಲಿ ಪ್ರಯೋಜನ ಕಾಣಲಿಲ್ಲ.

ಹಾರ್ಮೋನು ಬೇಡ, ನೈಟ್ರಿಕ್ ಆಕ್ಸೈಡನ್ನೇ ಕೊಡೋಣ ಎಂಬ ಪ್ರಯತ್ನಗಳೂ ನಡೆದಿವೆ. ಸಡಿಲಾಗದ ಹೃದಯದ ರೋಗಿಗಳಿಗೆ ನೈಟ್ರೇಟ್ ಮಾತ್ರೆ ಕೊಟ್ಟು ನೋಡಿದ ಪ್ರಯೋಗ 2015ರಲ್ಲಿ ಬಂತು. ಮಾತ್ರೆ ತೆಗೆದುಕೊಂಡವರ ದಿನದ ಓಡಾಟ ಹೆಚ್ಚಲಿಲ್ಲ, ಇನ್ನಷ್ಟು ತಗ್ಗಿತು. ಹೃದಯಾಘಾತವಾದವರಿಗೆ ಆರ್ಜಿನೈನ್ ಕೊಟ್ಟ 2006ರ ಪ್ರಯೋಗದಲ್ಲಿ ಆರು ಜನ ತೀರಿಕೊಂಡರು, ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಒಬ್ಬರೂ ಇಲ್ಲ. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ಕಿಣ್ವವೇ ದಾರಿ ತಪ್ಪಿರುವಾಗ ಅದಕ್ಕೆ ಕಚ್ಚಾವಸ್ತು ಸುರಿದರೆ ಪ್ರಯೋಜನವಿಲ್ಲ. 'ನೈಟ್ರಿಕ್ ಆಕ್ಸೈಡ್ ಬೂಸ್ಟರ್' ಎಂದು ಜಾಹೀರಾತು ಮಾಡುವ ಡಬ್ಬಿಗಳಿಗೆ ದುಡ್ಡು ಸುರಿಯುವವರು ಇದನ್ನು ತಿಳಿದಿರಬೇಕು.

ಈ ಎಲ್ಲ ಸೋಲುಗಳೂ ಒಂದೇ ಪಾಠ ಹೇಳುತ್ತವೆ. ಕೆಲವು ಸೆಕೆಂಡು ಬದುಕುವ ಅನಿಲವನ್ನು ಕೊಂಡುತಂದು ಕೊಡಲಾಗದು, ಅದನ್ನು ತಯಾರಿಸುವ ಒಳಪೊರೆಯನ್ನು ಕೆಡದಂತೆ ಕಾಪಾಡಬೇಕು. ಅದಕ್ಕೆ ಸರಿಯಾದ ಕಾಲ ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳು. ಇಂದಿನ ವೈದ್ಯಕೀಯ ಸಲಹೆಯೂ ಹೀಗೇ ಇದೆ. ಹೃದಯ ಕಾಪಾಡಲೆಂದೇ ಹಾರ್ಮೋನು ಶುರುಮಾಡಬಾರದು; ಆದರೆ ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ ಆರೋಗ್ಯವಂತ ಹೆಂಗಸಿಗೆ ಮೈ ಬಿಸಿಯೇರುವ ತೊಂದರೆ ತೀವ್ರವಾಗಿದ್ದರೆ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಲು ಹೆದರಬೇಕಿಲ್ಲ.

ನಮ್ಮ ಹೆಂಗಸರ ಗಡಿಯಾರ ಮುಂದಿದೆ

ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 51. ಭಾರತದಲ್ಲಿ ಸುಮಾರು 46. ಅಂದರೆ ನಮ್ಮ ಹೆಂಗಸರು ಐದು ವರ್ಷ ಮೊದಲೇ ಆ ಆರೈಕೆ ಕಳೆದುಕೊಳ್ಳುತ್ತಾರೆ. ಇದು ಏಕೆ ಮುಖ್ಯ ಎಂಬುದಕ್ಕೆ 2019ರಲ್ಲಿ ಪ್ರಕಟವಾದ, ಹಲವು ದೇಶಗಳ ಮೂರು ಲಕ್ಷಕ್ಕೂ ಹೆಚ್ಚು ಹೆಂಗಸರ ವಿಶ್ಲೇಷಣೆ ಉತ್ತರ ಕೊಡುತ್ತದೆ. 50ರ ಹೊತ್ತಿಗೆ ಮುಟ್ಟು ನಿಂತವರಿಗೆ ಹೋಲಿಸಿದರೆ, 40ರೊಳಗೇ ನಿಂತವರಿಗೆ ಅರವತ್ತು ತುಂಬುವ ಮುನ್ನ ಹೃದಯಾಘಾತ ಅಥವಾ ಲಕ್ವದಂಥ ತೊಂದರೆಯ ಅಪಾಯ ಹೆಚ್ಚೂಕಡಿಮೆ ಎರಡು ಪಟ್ಟು.

ಇಲ್ಲಿ ಕರ್ನಾಟಕದ ಒಂದು ನೋವಿನ ವಿಷಯ ಹೇಳಲೇಬೇಕು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೆ, ದಲಿತ ಹೆಂಗಸರಿಗೆ, ಹೊಟ್ಟೆನೋವು, ಬಿಳಿ ಸೆರಗು ಎಂದು ಬಂದವರಿಗೆ 'ಕ್ಯಾನ್ಸರ್ ಆದೀತು' ಎಂದು ಹೆದರಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದ ಪ್ರಕರಣಗಳು 2015ರಲ್ಲಿ ಬೆಳಕಿಗೆ ಬಂದವು. ಆರೋಗ್ಯ ಇಲಾಖೆಯ ತನಿಖೆ ನಡೆಯಿತು, 2017ರಲ್ಲಿ ಆ ಹೆಂಗಸರೇ ಬೀದಿಗಿಳಿದು ನ್ಯಾಯ ಕೇಳಿದರು. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರು, ಮುಟ್ಟಿನ ದಿನಗಳ ಕೂಲಿ ತಪ್ಪಬಾರದೆಂದು ಗರ್ಭಕೋಶ ತೆಗೆಸಿಕೊಳ್ಳುವ ಸ್ಥಿತಿಗೆ ಬಂದದ್ದು 2019ರಲ್ಲಿ ದೇಶಕ್ಕೆ ತಿಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ 3ರಷ್ಟು ಮಂದಿಗೆ ಈ ಆಪರೇಷನ್ ಆಗಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಗ 40 ತುಂಬಿರಲಿಲ್ಲ. ಅನಗತ್ಯ ಆಪರೇಷನ್ ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿದೆ.

ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜೆನ್ ಮೆಲ್ಲಗೆ ಇಳಿಯುವುದಿಲ್ಲ, ಒಂದೇ ದಿನಕ್ಕೆ ಕುಸಿಯುತ್ತದೆ. ಅಂಡಾಶಯ ಬಿಟ್ಟು ಗರ್ಭಕೋಶ ಮಾತ್ರ ತೆಗೆದರೂ ಕೆಲವರಲ್ಲಿ ಅಂಡಾಶಯಗಳು ಬೇಗ ಸೊರಗುತ್ತವೆ. ಮುಟ್ಟೇ ಇಲ್ಲದ ಕಾರಣ ಅದು ಗೊತ್ತೂ ಆಗುವುದಿಲ್ಲ. 'ಮಕ್ಕಳಾಗಿವೆ, ಇನ್ನೇಕೆ ಅದು?' ಎಂಬ ಮಾತನ್ನು ಆಸ್ಪತ್ರೆಯಲ್ಲೂ ಮನೆಯಲ್ಲೂ ಹೇಳುವವರು ಆ ಅಂಡಾಶಯಗಳು ಹೃದಯಕ್ಕೂ ದುಡಿಯುತ್ತಿದ್ದವು ಎಂಬುದನ್ನು ಮರೆಯುತ್ತಾರೆ. ಆಪರೇಷನ್ ಅನಿವಾರ್ಯವಾಗುವ ಸಂದರ್ಭಗಳು ಖಂಡಿತ ಇವೆ. ಅಂಥ ಕಡೆಯೂ ಅಂಡಾಶಯ ಉಳಿಸಬಹುದೇ ಎಂದು ಕೇಳುವ ಹಕ್ಕು ನಮಗಿದೆ. 45ರೊಳಗೆ ಮುಟ್ಟು ನಿಂತವರು, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಚಿಕಿತ್ಸೆ ಪಡೆಯುವ ಬಗ್ಗೆ ಸ್ತ್ರೀರೋಗ ತಜ್ಞರ ಬಳಿ ಮಾತಾಡಲೇಬೇಕು. ಹೃದಯಕ್ಕೂ ಮೂಳೆಗೂ ಅದು ಬೇಕು.

ನಮ್ಮ ಕೈಲಿರುವುದು

ಒಳಪೊರೆಯನ್ನು ಎಚ್ಚರವಾಗಿಡುವ ಮೊದಲ ಸಂಗತಿ ರಕ್ತದ ಹರಿವು. ಚುರುಕಾಗಿ ನಡೆದಾಗ ರಕ್ತ ನಾಳದ ಒಳಮೈಯನ್ನು ಉಜ್ಜಿಕೊಂಡು ಹರಿಯುತ್ತದೆ, ಆ ಉಜ್ಜುವಿಕೆಗೇ ಅನಿಲ ಹುಟ್ಟುತ್ತದೆ. ಈಸ್ಟ್ರೋಜೆನ್ ಇಲ್ಲದ ಮೇಲೆ ಒಳಪೊರೆ ವ್ಯಾಯಾಮಕ್ಕೆ ಸ್ಪಂದಿಸುವುದು ಅದೇ ವಯಸ್ಸಿನ ಗಂಡಸರಿಗಿಂತ ಕಡಿಮೆ ಎಂದು ಕೊಲೊರಾಡೊದ ಸಂಶೋಧಕರು ತೋರಿಸಿದ್ದಾರೆ. ಅದಕ್ಕೇ ನಡಿಗೆ ಶುರುಮಾಡಲು ಅರವತ್ತರವರೆಗೆ ಕಾಯಬಾರದು, ಮುಟ್ಟು ಏರುಪೇರಾಗುವ ದಿನಗಳಲ್ಲೇ ಶುರುವಾಗಬೇಕು. ತಡವಾಗಿ ಶುರುಮಾಡಿದರೂ ಲಾಭವಿದೆ. ಋತುಬಂಧ ದಾಟಿದ 70,000ಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದ ಅಮೆರಿಕದ ಅಧ್ಯಯನದಲ್ಲಿ, ಚುರುಕಾಗಿ ನಡೆಯುವವರಿಗೆ ಹೃದಯದ ತೊಂದರೆ ಸ್ಪಷ್ಟವಾಗಿ ಕಡಿಮೆ ಇತ್ತು. 'ಮನೆಗೆಲಸವೇ ವ್ಯಾಯಾಮ' ಎಂದು ಹೆಂಗಸರಿಗೆ ಹೇಳಿ ಸುಮ್ಮನಾಗುವುದು ಬೇಡ. ಉಸಿರು ಸ್ವಲ್ಪ ಏರುವಂಥ ಅರ್ಧ ಗಂಟೆಯ ನಡಿಗೆ ಅವರ ಹಕ್ಕು. ಆ ಅರ್ಧ ಗಂಟೆ ಒಲೆಯ ಮುಂದೆ ಬೇರೆ ಯಾರಾದರೂ ನಿಲ್ಲಲಿ.

ಎರಡನೆಯದು ಸೊಪ್ಪು. ಸೊಪ್ಪು, ಬೀಟ್‌ರೂಟ್, ಮೂಲಂಗಿಗಳಲ್ಲಿರುವ ನೈಟ್ರೇಟನ್ನು ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಅದು ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಒಳಪೊರೆಯ ಕಿಣ್ವವನ್ನು ಅವಲಂಬಿಸದ ಎರಡನೇ ದಾರಿ ಇದು. ಋತುಬಂಧ ದಾಟಿದ ಹೆಂಗಸರಿಗೆ ಒಂದು ವಾರ ದಿನವೂ ಬೀಟ್‌ರೂಟ್ ರಸ ಕೊಟ್ಟು ನೋಡಿದ ಪೆನ್ಸಿಲ್ವೇನಿಯಾದ ಸಣ್ಣ ಅಧ್ಯಯನವೊಂದರಲ್ಲಿ (2024) ನಾಳಗಳ ಹಿಗ್ಗುವ ಶಕ್ತಿ ಸುಧಾರಿಸಿತು, ಕುಡಿಯದ ದಿನ ಆ ಲಾಭ ಉಳಿಯಲಿಲ್ಲ. ಅಂದರೆ ಇದು ದಿನದಿನದ ಊಟದ ಭಾಗವಾಗಬೇಕು. ನೈಟ್ರೇಟ್ ನೀರಿನಲ್ಲಿ ಕರಗುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದೂ ಹೋಯಿತು. ಹಳೇ ಮೈಸೂರಿನ ಬಸ್ಸಾರು ಇಲ್ಲಿ ಬುದ್ಧಿವಂತ ಅಡುಗೆ. ದಂಟಿನ ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಸಾರು, ಸೊಪ್ಪಿನಿಂದ ಪಲ್ಯ. ಉಪ್ಪು ಮಾತ್ರ ಹಿಡಿತದಲ್ಲಿರಲಿ. ಮೂತ್ರಪಿಂಡದ ತೊಂದರೆ ಇರುವವರು ಸೊಪ್ಪಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು. ಕೀಟಾಣು ಕೊಲ್ಲುವ ಮೌತ್‌ವಾಶ್ ಅನ್ನು ಕಾರಣವಿಲ್ಲದೆ ದಿನವೂ ಬಳಸುವುದು ಬೇಡ, ಅದು ಆ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ಮೂರನೆಯದು ಒಳಪೊರೆಯ ಶತ್ರುಗಳು: ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು, ಸೌದೆ ಒಲೆಯ ಹೊಗೆ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಮುಟ್ಟು ನಿಂತ ವರ್ಷ ಇವನ್ನು ಕೊಲೆಸ್ಟ್ರಾಲ್ ಸಮೇತ ಒಮ್ಮೆ ಮಾಡಿಸಿ, ಆಮೇಲೆ ವರ್ಷವರ್ಷವೂ ನೋಡುತ್ತಿರಬೇಕು. ಬಿಪಿ ಮಾತ್ರೆ ಬರೆದರೆ ಬಿಡದೆ ನುಂಗಬೇಕು. ಸಡಿಲಾಗದ ಹೃದಯಕ್ಕೆ ಬಹುಕಾಲ ಸರಿಯಾದ ಔಷಧಿಯೇ ಇರಲಿಲ್ಲ. ಶುಗರ್‌ಗೆಂದು ಬಂದ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಈ ರೋಗಿಗಳು ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತವೆ ಎಂದು 2021 ಮತ್ತು 2022ರಲ್ಲಿ ಸಾಬೀತಾಯಿತು. ಈಗ ಹೇಳಿಕೊಳ್ಳುವಂಥ ಚಿಕಿತ್ಸೆ ಇದೆ, ಸಮಯಕ್ಕೆ ಹೋದರೆ.

ಹೆಂಗಸರಿಗೆ ಹೃದಯಾಘಾತವಾದಾಗ ಎದೆನೋವಿನ ಜೊತೆಗೋ ಅಥವಾ ಅದಿಲ್ಲದೆಯೋ ದವಡೆ, ಬೆನ್ನಿನ ಮೇಲ್ಭಾಗದ ನೋವು, ವಾಕರಿಕೆ, ತಣ್ಣನೆಯ ಬೆವರು, ಹೇಳಲಾಗದ ಸುಸ್ತು, ಏದುಸಿರು ಬರಬಹುದು. ಇದ್ದಕ್ಕಿದ್ದಂತೆ ಹೀಗಾದರೆ ಸೋಡಾ, ಜೀರಿಗೆ ನೀರು ಕುಡಿಸುತ್ತ ಕೂರಬಾರದು, ಮೊದಲು ಇಸಿಜಿ ಆಗಬೇಕು. ರಾಜ್ಯದ 'ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ' ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಆ ಬಾಗಿಲಿಗೆ ಗಂಡಸರನ್ನು ಒಯ್ಯುವ ಅವಸರದಲ್ಲೇ ಹೆಂಗಸರನ್ನೂ ಒಯ್ಯಬೇಕು.

ವೈದ್ಯರಿಗೆ, ಆರೋಗ್ಯ ಇಲಾಖೆಗೆ ಒಂದು ಮನವಿ. ಬಿಪಿ, ಶುಗರ್ ತಪಾಸಣೆಯ ಅರ್ಜಿಯಲ್ಲಿ, ಹೃದಯ ವಿಭಾಗದ ಹೊರರೋಗಿ ಚೀಟಿಯಲ್ಲಿ, 40 ದಾಟಿದ ಪ್ರತಿ ಹೆಂಗಸಿಗೂ ಮುಟ್ಟು ನಿಂತ ವಯಸ್ಸು ಮತ್ತು ಕಾರಣ ಬರೆಯಲು ಒಂದು ಕಾಲಂ ಸೇರಿಸಿ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಆಶಾ ಕಾರ್ಯಕರ್ತೆಯೂ ಕೇಳಬಹುದಾದ ಪ್ರಶ್ನೆ ಅದು. 38ಕ್ಕೆ ಗರ್ಭಕೋಶ ಕಳೆದುಕೊಂಡ ತಾಂಡಾದ ಹೆಣ್ಣುಮಗಳು, 52ಕ್ಕೆ ಸಹಜವಾಗಿ ಮುಟ್ಟು ನಿಂತ ನಗರದ ಶಿಕ್ಷಕಿ ಇಬ್ಬರಿಗೂ ಈಗ 55 ಆಗಿದ್ದರೂ ಇಬ್ಬರ ಹೃದಯದ ವಯಸ್ಸು ಒಂದೇ ಅಲ್ಲ. ಆ ಕಾಲಂ ಇದ್ದರೆ ಮೊದಲನೆಯವರನ್ನು ಹತ್ತು ವರ್ಷ ಮುಂಚೆಯೇ ಗುರುತಿಸಿ ಕಾಪಾಡಬಹುದು.